ಹದಿನೇಳನೇ ಕಮಾನಿನ ಹನ್ನೆರಡನೇ ಗುರುತು

"ನೀರು ಹೊಡೀರಿ," ಎಂದಳು ಇನ್‌ಸ್ಪೆಕ್ಟರಮ್ಮ.

ಹಿರಿಯ ಪೇದೆ ಒಂದು ಕೈಯಲ್ಲಿ ಕಮಾನಿಗೆ ಒತ್ತಿ ಕಟ್ಟಿದ ಸಾರುವೆಯ ಗಳು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ನೀರು ಚಿಮ್ಮಿಸಿದ. ಎತ್ತರವೆಂದರೆ ಅವನಿಗೆ ಆಗದು. ಅರ್ಧ ನೀರು ಕಲ್ಲಿಗೆ ಬಿತ್ತು, ಇನ್ನರ್ಧ ಅವಳ ಸಮವಸ್ತ್ರದ ತೋಳಿಗೆ.

"ಕಣ್ಣು ಬಿಡ್ರೀ. ಬೀಳೋದಾದ್ರೆ ಕಣ್ಣು ಮುಚ್ಚಿದ್ರೂ ಬೀಳ್ತೀರಿ."

"ನೋಡ್ಕೊಂಡು ಬೀಳೋದಕ್ಕಿಂತ ನೋಡದೇ ಬೀಳೋದು ಮೇಲು ಮೇಡಂ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಮೂರು ದಿನದ ಹಿಂದೆ, ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಪರಂಪರೆ ಕಚೇರಿಯ ನಕ್ಷೆಗಾರ ಇದೇ ಸಾರುವೆಯ ಕೆಳಗೆ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿತು ಎಂದು ಊರು ಆಗಲೇ ತೀರ್ಪು ಕೊಟ್ಟು ಎದ್ದು ಹೋಗಿತ್ತು.

"ನಿಮ್ಮದೇ ಊರು, ನಿಮ್ಮದೇ ಜನ. ನಿಮಗಿಂತ ಚೆನ್ನಾಗಿ ಯಾರು ಮುಗಿಸ್ತಾರೆ?" ಎಂದಿದ್ದರು ಮೇಲಧಿಕಾರಿ. ತನಿಖೆ ಮಾಡಿ ಎನ್ನಲಿಲ್ಲ, ಮುಗಿಸಿ ಎಂದಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಜಾಗತಿಕ ಸಮಿತಿಯ ತಜ್ಞ ಬಂದಿಳಿಯುವುದರೊಳಗೆ 'ಅಪಘಾತ' ಎಂಬ ಒಂದು ಪದದ ವರದಿ ಅವರ ಮೇಜಿನ ಮೇಲಿರಬೇಕಿತ್ತು.

ಆ ಪದ ಬರೆಯಲು ಅವಳ ಕೈ ಏಳುತ್ತಿರಲಿಲ್ಲ. ಕಾರಣ ಅವಳ ಕಾಲ ಬಳಿಯೇ ಇತ್ತು. ಸಾರುವೆಯ ಮೂರನೇ ಹಲಗೆಯ ಮೊಳೆ ಕಿತ್ತುಬಂದು, ಹಲಗೆ ಒಂದು ಕಡೆ ಸಡಿಲವಾಗಿತ್ತು. ಶನಿವಾರ ಸಂಜೆ ಕೆಲಸದವರೆಲ್ಲ ಇಳಿದ ಮೇಲೆ ಮೇಲ್ವಿಚಾರಕ ಒಂದೊಂದೇ ಹಲಗೆ ತುಳಿದು ನೋಡಿ, ಎಲ್ಲವೂ ಗಟ್ಟಿ ಎಂದು ರುಜು ಹಾಕಿದ್ದ. ಭಾನುವಾರ ಇಡೀ ದಿನ ಆವರಣಕ್ಕೆ ಬೀಗ ಬಿದ್ದಿತ್ತು. ಸೋಮವಾರ ಹೆಣ ಸಿಕ್ಕಾಗಿನಿಂದ ಇಲ್ಲಿ ಕಾವಲಿತ್ತು. ಅಂದರೆ ಮೊಳೆ ಕಿತ್ತದ್ದು ನಕ್ಷೆಗಾರ ಬಿದ್ದ ಹೊತ್ತಿನಲ್ಲೇ. ಒಬ್ಬ ಬಡಕಲು ಮನುಷ್ಯ ಕಾಲು ಜಾರಿದರೆ ನಾಲ್ಕು ಇಂಚಿನ ಮೊಳೆ ಮೇಲೇಳುವುದಿಲ್ಲ. ಅದಕ್ಕೆ ಎಳೆದಾಟ ಬೇಕು. ಈ ಹಲಗೆಯ ವಿಷಯ ಅವಳಿಗೂ ಹಿರಿಯ ಪೇದೆಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ.

ಒದ್ದೆಯಾದ ಕಲ್ಲಿನ ಮೇಲೆ ಕಲ್ಲುಕುಟಿಗರು ಕೆತ್ತುವ ಗುರುತುಗಳು ಒಂದೊಂದಾಗಿ ಎದ್ದು ಬಂದವು. ಒಂದು ಮೀನು. ಒಂದು ಏಣಿ. ಒಂದು ಬಿಲ್ಲು.

ಊರಿನ ನೆತ್ತಿಯ ಮೇಲೆ ಮೂವತ್ತೊಂದು ಕಮಾನುಗಳ ಈ ನೀರುಗಾಲುವೆ ನಿಂತು ನಾನೂರು ವರ್ಷವಾಗಿತ್ತು. ಒಂದು ಗುಡ್ಡದ ನೀರನ್ನು ಇನ್ನೊಂದು ಗುಡ್ಡಕ್ಕೆ ಹೊತ್ತು ಸಾಗಿಸುತ್ತಿದ್ದ ಕಾಲುವೆ ಒಣಗಿಯೇ ಎರಡು ತಲೆಮಾರು ಕಳೆದಿದ್ದವು. ಈಗ ಅದು ವಿಶ್ವ ಪರಂಪರೆಯ ಪಟ್ಟಿ ಸೇರಲು ಹೊರಟಿತ್ತು. ಕಾಲುವೆಯಲ್ಲಿ ನೀರು ಬರದಿದ್ದರೂ ಪಟ್ಟಿಯ ಹೆಸರು ಕೇಳಿ ಊರಿನವರ ಬಾಯಲ್ಲಿ ನೀರೂರತೊಡಗಿತ್ತು.

ಅವಳು ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ನಕ್ಷೆಗಾರನ ಚೀಲದಲ್ಲಿ ಸಿಕ್ಕಿದ ಹನ್ನೊಂದು ಹಾಳೆಗಳಿದ್ದವು. ಕಲ್ಲಿನ ಮೇಲೆ ತೆಳು ಕಾಗದವಿಟ್ಟು ಇದ್ದಿಲು ಉಜ್ಜಿದರೆ ಗುರುತು ಬಿಳಿಯಾಗಿ ಮೂಡುತ್ತದೆ. ನಕ್ಷೆಗಾರ ಬಲು ಶಿಸ್ತಿನವನು. ಪ್ರತಿ ಹಾಳೆಯ ಮೂಲೆಯಲ್ಲಿ ಸಂಖ್ಯೆ, ದಿನ, ಗಂಟೆ, ನಿಮಿಷ ಬರೆದು, ಕಲ್ಲಿನ ಮೇಲ್ಭಾಗ ಯಾವ ಕಡೆ ಎಂದು ಬಾಣ ಹಾಕುತ್ತಿದ್ದ.

ಅವನ ಟಿಪ್ಪಣಿ ಪುಸ್ತಕದಲ್ಲಿ 'ಹದಿನೇಳನೇ ಕಮಾನು, ಒಟ್ಟು ಗುರುತು ಹನ್ನೆರಡು' ಎಂದಿತ್ತು. ಹಾಳೆಗಳು ಮಾತ್ರ ಹನ್ನೊಂದು.

ಹನ್ನೆರಡನೆಯದನ್ನು ಹುಡುಕಲು ಹತ್ತಿದವಳು ಹನ್ನೊಂದರಲ್ಲೇ ನಿಂತುಬಿಟ್ಟಳು. ಹಾಳೆಗಳನ್ನು ಸಾಲಾಗಿ ಹಿಡಿದು ನೋಡಿದಳು. ಮೀನು ನೆಟ್ಟಗೆ, ಏಣಿ ನೆಟ್ಟಗೆ, ಬಿಲ್ಲು ನೆಟ್ಟಗೆ. ಹನ್ನೊಂದಕ್ಕೆ ಹನ್ನೊಂದೂ ಬಾಣದ ದಿಕ್ಕಿಗೇ ತಲೆಯೆತ್ತಿ ನಿಂತಿದ್ದವು.

ಇದರಲ್ಲೇನು ಕೇಡು ಎಂದು ಬೇರೆ ಯಾವ ಪೊಲೀಸರಾದರೂ ಕೇಳಿಯಾರು. ಅವಳು ಕಲ್ಲುಕುಟಿಗನ ಮಗಳು. ನಡೆಯಲು ಕಲಿತದ್ದೇ ಕಲ್ಲಿನ ಚೂರುಗಳ ಮೇಲೆ. ಗುರುತು ಹಾಕುವುದು ಕಲ್ಲು ಇನ್ನೂ ನೆಲದ ಮೇಲಿರುವಾಗ. ಕೆಟ್ಟ ಕಲ್ಲು ಬಂದರೆ ಬೈಗುಳ ಯಾರಿಗೆ ಸೇರಬೇಕು ಎಂದು ತಿಳಿಯಲಿಕ್ಕೆ ಹಾಕುವ ಗುರುತದು. ಆಮೇಲೆ ಕಲ್ಲನ್ನು ಮೇಲಕ್ಕೆತ್ತಿ ಕೂರಿಸುವವರು ಅದು ಹೇಗೆ ಒಗ್ಗುತ್ತದೋ ಹಾಗೆ ಕೂರಿಸುತ್ತಾರೆ. ಮೀನು ತಲೆಕೆಳಗಾಯಿತೋ, ಏಣಿ ಅಡ್ಡ ಮಲಗಿತೋ, ಕೇಳುವವರಿಲ್ಲ. ಉಳಿದ ಮೂವತ್ತು ಕಮಾನುಗಳಲ್ಲಿ ಗುರುತುಗಳು ಸಂತೆಯ ಜನರಂತೆ ದಿಕ್ಕಿಗೊಂದು ಮುಖ ಮಾಡಿದ್ದವು.

ಇಲ್ಲಿ ಮಾತ್ರ ಎಲ್ಲವೂ ನೆಟ್ಟಗಿದ್ದವು. ಕಲ್ಲು ಗೋಡೆಯಲ್ಲಿ ಕೂತ ಮೇಲೆ ಯಾರೋ ಸಾರುವೆಯ ಮೇಲೆ ನಿಂತು ಕೆತ್ತಿದ್ದರು.

ನಾನೂರು ವರ್ಷದ ಹಿಂದಿನವರ ಕೈಯನ್ನು ಹೀಗೆ ಅನುಕರಿಸಬಲ್ಲ ಕೈ ಈ ಊರಿನಲ್ಲಿ ಒಂದೇ ಒಂದಿತ್ತು. ಅವಳಿಗೆ ಆ ಕೈ ಚೆನ್ನಾಗಿ ಗೊತ್ತಿತ್ತು. ಸೈಕಲ್ಲು ಕಲಿಸುವಾಗ ಹಿಂದಿನಿಂದ ಹಿಡಿದುಕೊಂಡಿದ್ದದ್ದು ಅದೇ ಕೈ.

"ಏನಾದ್ರೂ ಸಿಕ್ತಾ ಮೇಡಂ?" ಎಂದ ಹಿರಿಯ ಪೇದೆ, ಕಣ್ಣು ಮುಚ್ಚಿಕೊಂಡೇ.

"ಇಳೀರಿ," ಎಂದಳು.

* * *

ಪರಂಪರೆ ಕಚೇರಿಯ ನಿರ್ದೇಶಕಿ ಮಾತ್ರೆ ನುಂಗಿ, ನೀರು ಕುಡಿದು, ಗೋಡೆಯ ಮೇಲಿನ ಪ್ರಪಂಚದ ನಕ್ಷೆ ತೋರಿಸಿದರು. ನಕ್ಷೆಯ ತುಂಬ ಬಣ್ಣದ ತಲೆಯ ಗುಂಡುಸೂಜಿಗಳು.

"ಹಸಿರು ನಮ್ಮ ಕಡೆ. ಕೆಂಪು ನಮಗೆ ವಿರೋಧ."

"ಹಳದಿ?"

"ಬಾಯಿ ಬಿಟ್ಟಿಲ್ಲ, ಕೈ ಚಾಚಿದ್ದಾರೆ. ಒಬ್ಬರಿಗೆ ಅವರ ಕೋಟೆಗೆ ನಾವು ಕೈ ಎತ್ತಬೇಕು. ಇನ್ನೊಬ್ಬರಿಗೆ ಬಂದರಿನ ವಿಷಯದಲ್ಲಿ ನಾವು ಬಾಯಿ ಮುಚ್ಕೊಂಡಿರಬೇಕು. ನೀ ನನಗಿದ್ರೆ ನಾ ನಿನಗೆ."

"ಕಲ್ಲು ಹಳೇದಾಗಿದ್ರೆ ಸಾಕು ಅಂದ್ಕೊಂಡಿದ್ದೆ."

"ಕಲ್ಲು ಹಳೇದಾಗಿದ್ರೆ ಅರ್ಜಿ ಹಾಕಬಹುದು ಅಷ್ಟೇ. ಪಟ್ಟಿಗೆ ಏರಿಸೋದು ಆ ಸಭೆಯಲ್ಲಿ ಏಳೋ ಕೈಗಳು."

ನಿರ್ದೇಶಕಿ ರಾಜಧಾನಿಯಿಂದ ಎರವಲು ಬಂದವರು. ಐವತ್ತೈದು ದಾಟಿದ ಹೆಂಗಸು. ಮೇಜಿನ ಮೇಲೆ ನಾಲ್ಕು ಸಂಪುಟಗಳ ಕಡತವಿತ್ತು. ಎರಡು ಸಲ ಸಮಿತಿಗೆ ಹೋಗಿ ಎರಡು ಸಲವೂ ಗೋಡೆಗೆ ಹೊಡೆದ ಚೆಂಡಿನಂತೆ ವಾಪಸು ಬಂದ ಕಡತ.

"ಹದಿನೇಳನೇ ಕಮಾನಿನ ತೊಂದರೆ ಏನು?" ಎಂದು ಇನ್‌ಸ್ಪೆಕ್ಟರಮ್ಮ ಕೇಳಿದಳು. ಉತ್ತರ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೂ ಇವರ ಬಾಯಲ್ಲಿ ಅದು ಹೇಗೆ ಬರುತ್ತದೆ ಎಂದು ಕೇಳಬೇಕಿತ್ತು.

ನಿರ್ದೇಶಕಿ ಒಂದು ಕೆಂಪು ಸೂಜಿಯ ಮೇಲೆ ಬೆರಳಿಟ್ಟರು. "ಈ ದೇಶದವರದ್ದೂ ಒಂದು ನೀರುಗಾಲುವೆ ಇದೆ. ಈ ವರ್ಷವೇ ಅದೂ ಪಟ್ಟಿಗೆ ಬರ್ತಿದೆ. ಒಂದೇ ವರ್ಷ ಎರಡು ಕಾಲುವೆ ಯಾರು ತಗೋತಾರೆ? ಅವರು ಎಲ್ಲಿಂದಲೋ ಒಂದು ಹಳೇ ಪತ್ರಿಕೆಯ ಫೋಟೋ ಹುಡುಕಿ ಎಲ್ಲರಿಗೂ ಹಂಚಿದ್ರು. ಅದರಲ್ಲಿ ಹದಿನೇಳನೇ ಕಮಾನು ನೆಲಕ್ಕೆ ಬಿದ್ದಿದೆ."

"ಬಿದ್ದದ್ದು ನಿಜ ಅಲ್ವಾ?"

"ನಿಜ." ಅವರು ಕುರ್ಚಿಯಲ್ಲಿ ಕುಸಿದರು. "ಮೊದಲನೇ ಸಲವೇ ಒಪ್ಕೊಂಡಿದ್ರೆ ಏನೂ ಆಗ್ತಿರಲಿಲ್ಲ. ಎಷ್ಟೋ ಜಾಗಗಳು ಬಿದ್ದು ಎದ್ದಿವೆ, ಹಾಗಂತಲೇ ಬರ್ಕೊಂಡು ಪಟ್ಟಿ ಸೇರಿವೆ. ನನಗಿಂತ ಮುಂಚೆ ಈ ಕುರ್ಚೀಲಿದ್ದವರು ಮೂವತ್ತೊಂದೂ ಮೂಲ ಕಮಾನು ಅಂತ ಬರೆದು ಕಳಿಸಿಬಿಟ್ರು. ಸುಳ್ಳು ಒಂದು ಸಲ ಹುಟ್ಟಿದ ಮೇಲೆ ಯಾರಾದ್ರೂ ಸಾಕಬೇಕಲ್ಲ. ಈಗ ನಾನು ಸಾಕ್ತಿದ್ದೀನಿ."

"ಹೇಗೆ ಸಾಕಿದ್ರಿ?"

"ಬಿದ್ದ ಕಲ್ಲುಗಳನ್ನೇ ಎತ್ತಿ ಕೂರಿಸಿದ್ದು, ಹೊಸ ಕಲ್ಲಲ್ಲ ಅಂದ್ವಿ. ಸಾಕ್ಷಿ ಕೇಳಿದ್ರು. ಹೋದ ವರ್ಷ ಕಮಾನು ತೊಳೆಸಿದಾಗ ಹಳೇ ಕಾಲದವರ ಹನ್ನೊಂದು ಗುರುತು ಸಿಕ್ಕಿದ್ವು. ದೇವರು ಕಣ್ಣು ಬಿಟ್ಟ ಅಂದ್ಕೊಂಡೆ."

"ಯಾರಿಗೆ ಸಿಕ್ಕಿದ್ವು?"

ನಿರ್ದೇಶಕಿ ಮುಖ ನೋಡಿದರು. ಆ ನೋಟದಲ್ಲಿ ಕುಹಕವಿರಲಿಲ್ಲ, ಆಯಾಸವಿತ್ತು. "ನಿಮ್ಮಣ್ಣನಿಗೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಅದನ್ನ ಕಡತಕ್ಕೆ ಬರೆದವರು ನಿಮ್ಮ ಮನೆಯವರೇ. ಮೇಷ್ಟ್ರ ಬರವಣಿಗೆ ಎಷ್ಟು ಚೆಂದ ಅಂದ್ರೆ, ಓದಿದಾಗ ನನಗೇ ನಂಬಿಕೆ ಬಂತು."

ಇನ್‌ಸ್ಪೆಕ್ಟರಮ್ಮನ ಗಂಡ ಚರಿತ್ರೆಯ ಮೇಷ್ಟ್ರು. ಎರಡು ವರ್ಷದಿಂದ ಶಾಲೆ ಬಿಟ್ಟು ಈ ಕಡತ ಬರೆಯಲು ಬಂದಿದ್ದ. ಮನೆಯಲ್ಲಿ ಇರುವೆ ಕಂಡರೂ ದಾಟಿ ನಡೆಯುವ ಪ್ರಾಣಿ.

"ಆ ಗುರುತು ಸುಳ್ಳಾದ್ರೆ?"

"ಕಡತ ವಾಪಸ್ ತಗೋಬೇಕು. ಮತ್ತೆ ಅರ್ಜಿ ಹಾಕೋ ಹೊತ್ತಿಗೆ ನಾವ್ಯಾರೂ ಇರಲ್ಲ." ನಿರ್ದೇಶಕಿ ದನಿ ತಗ್ಗಿಸಿದರು. "ನೋಡಮ್ಮಾ, ಆ ಹುಡುಗ ಸತ್ತದ್ದಕ್ಕೆ ನನಗೂ ಸಂಕಟ ಇದೆ. ನಾನೇ ಕೆಲಸಕ್ಕೆ ತಗೊಂಡವನು. ಆದ್ರೆ ನಾಳೆ ತಜ್ಞರು ಬರೋವಾಗ ಇಲ್ಲಿ ಅಪಘಾತ ಆಗಿರಲಿ. ಕೊಲೆ ಆಗಿರೋದು ಬೇಡ."

* * *

ಕಾಲುವೆಯ ದುರಸ್ತಿ ಕೆಲಸಕ್ಕಿದ್ದ ಅಣ್ಣ ಸುಣ್ಣದ ಗುಂಡಿಯ ಬಳಿ ಉದ್ದನೆಯ ಕೋಲು ಹಿಡಿದು ಕಲಕುತ್ತಿದ್ದ. ಗುಂಡಿಯಿಂದ ಹಬೆ ಏಳುತ್ತಿತ್ತು. ಅವನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬಿಳಿ. ಐವತ್ತಕ್ಕೇ ಎಪ್ಪತ್ತಾದವನಂತೆ ಕಾಣುತ್ತಿದ್ದ. ಸುತ್ತ ಅರ್ಧ ಕೆತ್ತಿದ ಕಲ್ಲುಗಳು ಬಿದ್ದಿದ್ದವು. ಕೆಲಸದವರು ಊಟಕ್ಕೆ ಹೋಗಿದ್ದರು.

"ದೂರ ನಿಂತ್ಕೋ ಪುಟ್ಟಿ, ಸಿಡೀತದೆ."

ಮೂವತ್ತೆಂಟರ ಇನ್‌ಸ್ಪೆಕ್ಟರನ್ನು ಪುಟ್ಟಿ ಎಂದು ಕರೆಯುವ ಧೈರ್ಯ ಈ ಊರಿನಲ್ಲಿ ಅವನೊಬ್ಬನಿಗೇ ಇತ್ತು.

"ಎಷ್ಟು ಕೆತ್ತಿದೆ ಅಣ್ಣ?"

"ಇವತ್ತು ಎರಡು ಕಲ್ಲು."

"ಹದಿನೇಳನೇ ಕಮಾನಿನಲ್ಲಿ."

ಕೋಲು ನಿಂತಿತು. ಆಮೇಲೆ ಮತ್ತೆ ನಿಧಾನವಾಗಿ ತಿರುಗಿತು. "ಏನು ಹೇಳ್ತಿದ್ದೀಯೋ ನನಗೆ ತಿಳೀಲಿಲ್ಲ."

ಅವಳು ಹನ್ನೊಂದು ಹಾಳೆಗಳನ್ನೂ ಕಲ್ಲಿನ ಮೇಲೆ ಸಾಲಾಗಿ ಇಟ್ಟು, ಗಾಳಿಗೆ ಹಾರದಂತೆ ಚೂರುಗಳನ್ನು ಹೇರಿದಳು. "ಎಲ್ಲಾ ನೆಟ್ಟಗಿವೆಯಲ್ಲೋ. ನೆಲದ ಮೇಲೆ ಕೆತ್ತಿದ ಗುರುತು ಕಮಾನಿಗೆ ಹೋದ ಮೇಲೆ ಹೀಗೆ ಶಾಲೆ ಮಕ್ಕಳ ಥರ ಸಾಲಾಗಿ ನಿಲ್ತದಾ?"

ಅಣ್ಣ ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅವನ ಮುಖದ ಮೇಲೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ.

"ಅಯ್ಯೋ ನನ್ನ ಬುದ್ಧಿಗಿಷ್ಟು," ಎಂದ. "ಅಪ್ಪ ಇದ್ದಿದ್ರೆ ಬೆನ್ನಿಗೆ ಬಾರಿಸ್ತಿದ್ದ. ಸುಳ್ಳು ಕೆತ್ತಿದ್ದಕ್ಕಲ್ಲ. ನೆಟ್ಟಗೆ ಕೆತ್ತಿದ್ದಕ್ಕೆ."

"ತಮಾಷೆ ಬೇಡ. ಯಾಕೆ ಮಾಡ್ದೆ?"

"ಅಪ್ಪನ ಕಮಾನು ಬಿಚ್ತೀವಿ ಅಂದ್ರು." ಕೋಲನ್ನು ಗೋಡೆಗೆ ಒರಗಿಸಿ ಅವನು ಕಲ್ಲಿನ ಮೇಲೆ ಕೂತ. "ರಾಜಧಾನಿಯಿಂದ ಎಂಜಿನಿಯರ್‌ಗಳು ಬಂದಿದ್ರು. ಸಾಕ್ಷಿ ಸಿಗದಿದ್ರೆ ಹದಿನೇಳನೇದು ಹೊಸ ಸೇರ್ಪಡೆ ಅಂತ ಆಗತ್ತೆ, ಬಿಚ್ಚಿ ಹಾಕಿ ಆ ಜಾಗಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸ್ತೀವಿ ಅಂದ್ರು. ಬಿದ್ದ ಕಮಾನನ್ನ ಮೂರು ವರ್ಷ ಕಟ್ಟಿದ್ದ ಅಪ್ಪ. ನೀನು ಹುಟ್ಟಿದ ವಾರ ಮುಗೀತು. ನಿನ್ನನ್ನ ಬಟ್ಟೇಲಿ ಸುತ್ತಿ ಎತ್ತಿಕೊಂಡು ಹೋಗಿ, ಕಮಾನಿನ ಕೆಳಗೆ ನಿಂತು, ಬಿದ್ರೆ ನನ್ನ ಮಗಳ ಮೇಲೆ ಬೀಳಲಿ ಅಂದಿದ್ದ. ಅಮ್ಮ ಎರಡು ದಿನ ಮಾತು ಬಿಟ್ಟಿದ್ಲು."

ಈ ಕಥೆ ಅವಳು ನೂರು ಸಲ ಕೇಳಿದ್ದಳು. ಅಪ್ಪನ ಕಮಾನು ಉಳಿಸಲು ಅಣ್ಣ ಅಪ್ಪನನ್ನೇ ಅಳಿಸಿದ್ದ. ಅದನ್ನು ಯಾರೋ ಹೆಸರಿಲ್ಲದ ನಾನೂರು ವರ್ಷದ ಹಿಂದಿನವರಿಗೆ ಬರೆದುಕೊಟ್ಟಿದ್ದ.

"ನಕ್ಷೆಗಾರನಿಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು ಅಂತ ಕಾಣತ್ತೆ. ಶನಿವಾರ ನನ್ನ ಮುಖ ನೋಡದೇ ಓಡಾಡ್ತಿದ್ದ."

"ಸೋಮವಾರ ಬೆಳಿಗ್ಗೆ ನೀನೆಲ್ಲಿದ್ದೆ?"

"ಇಲ್ಲೇ. ಸುಣ್ಣ ಅರಳಿಸ್ತಿದ್ದೆ. ಶನಿವಾರ ಆ ಸಾರುವೆಯಿಂದ ಇಳಿದವನು ಮತ್ತೆ ಹತ್ತಿಲ್ಲ."

"ಯಾರು ನೋಡಿದ್ರು?"

"ಸುಣ್ಣ ನೋಡ್ತು." ಅವನ ದನಿ ಒಡೆಯಿತು. "ಪುಟ್ಟೀ, ನೀನು ನನ್ನನ್ನ ಈ ಥರ ಕೇಳ್ತೀಯಾ?"

ಕೇಳಲೇಬೇಕಿತ್ತು. ಕೇಳದಿದ್ದರೆ ಅವಳು ಪೊಲೀಸಳಲ್ಲ, ಕೇಳಿದರೆ ತಂಗಿಯಲ್ಲ. ನಾಳೆ ಹತ್ತರೊಳಗೆ ಅಪಘಾತ ಎಂದು ಬರೆದರೆ ಅಣ್ಣ ಉಳಿಯುತ್ತಾನೆ, ಕಮಾನು ಉಳಿಯುತ್ತದೆ, ಊರಿನ ಆಸೆಯೂ ಉಳಿಯುತ್ತದೆ. ಉಳಿಯದೇ ಹೋಗುವುದು ಆ ಬಡಕಲು ನಕ್ಷೆಗಾರನ ಲೆಕ್ಕ ಮಾತ್ರ. ಸೋಮವಾರ ಠಾಣೆಗೆ ಬಂದಿದ್ದ ಅವನ ತಾಯಿ ಅತ್ತಿರಲಿಲ್ಲ. ಅವನ ಕನ್ನಡಕ ಸಿಕ್ಕಿತಾ ಎಂದಷ್ಟೇ ಕೇಳಿದ್ದಳು.

"ಹನ್ನೆರಡನೇ ಗುರುತು ಎಲ್ಲಿದೆ ಅಣ್ಣ?"

"ಹನ್ನೆರಡಾ? ನಾನು ಕೆತ್ತಿದ್ದು ಹನ್ನೊಂದೇ."

"ಅವನು ಹನ್ನೆರಡು ಅಂತ ಬರೆದಿದ್ದಾನೆ."

"ಅಮ್ಮನಾಣೆ ಹನ್ನೊಂದು."

"ಹಾಗಾದ್ರೆ ನಡಿ. ಇಬ್ಬರೂ ಹುಡುಕೋಣ."

* * *

ಕಾವಲಿನ ಪೇದೆ ದಾರಿ ಬಿಟ್ಟ. ಅಣ್ಣ ಬೆಕ್ಕಿನಂತೆ ಸರಸರ ಹತ್ತಿದ. ಅವಳು ಹಿಂದೆ ಹತ್ತಿದಳು.

"ಮೂರನೇ ಹಲಗೇಲಿ ಕಾಲಿಡಬೇಡ, ಅಲ್ಲಾಡತ್ತೆ," ಎಂದು ಅವನು ಹಲಗೆಯತ್ತ ನೋಡದೆಯೇ ಅದನ್ನು ದಾಟಿ, ತಿರುಗಿ ಕೈ ಕೊಟ್ಟ.

ಅವಳು ಆ ಕೈ ಹಿಡಿದು ದಾಟಿದಳು. ಸುಣ್ಣ ತಿಂದು ಒರಟಾದ, ಬೆಚ್ಚಗಿನ ಕೈ. ಇಂಥ ಕೈ ಒಬ್ಬನನ್ನು ನೂಕಿರಲಾರದು ಎಂದು ಅವಳ ಮನಸ್ಸು ಹಟ ಹಿಡಿದು ಕೂತಿತು.

ಮುಕ್ಕಾಲು ಗಂಟೆ ಹುಡುಕಿದರು. ಕೊನೆಗೆ ಅವಳ ಟಾರ್ಚಿನ ಬೆಳಕು ಕಮಾನಿನ ನೆತ್ತಿಯ ಕಲ್ಲಿನ ಪಕ್ಕಕ್ಕೆ ಬಿತ್ತು. ಸಾರುವೆಯ ಅಡ್ಡಗಳುವಿನ ಹಿಂದೆ, ಮಲಗಿ ನೋಡಿದರೆ ಮಾತ್ರ ಕಾಣುವ ಜಾಗದಲ್ಲಿ ಮೂರು ಗೀಟು ಮುಂದಕ್ಕೆ, ಒಂದು ಹಿಂದಕ್ಕೆ.

ಗುಬ್ಬಿ ಕಾಲು.

ಅದು ಅಪ್ಪನ ಗುರುತು. ಈ ಕಮಾನಿನ ಪ್ರತಿ ಕಲ್ಲಿನಲ್ಲೂ ಅಪ್ಪ ಅದನ್ನು ಹಾಕಿದ್ದ. ಆದರೆ ಹೊರಗಲ್ಲ, ಗಾರೆಯೊಳಗೆ ಮುಚ್ಚಿಹೋಗುವ ಮಗ್ಗುಲಿನಲ್ಲಿ. 'ದೊಡ್ಡವರ ಮನೇಲಿ ಗೋಡೆಗೆ ಒರಗಿ ಕೂರಬಾರದು' ಎನ್ನುತ್ತಿದ್ದ. ಮನೆಯವರಿಗೆ ಬಿಟ್ಟರೆ ಆ ಗುರುತು ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹೋಗಿ ಮೂರು ವರ್ಷವಾಗಿತ್ತು.

ಬೆರಳಾಡಿಸಿದಳು. ತುದಿಗೆ ಬಿಳಿಪುಡಿ ಹತ್ತಿತು. ಕೆತ್ತಿ ಹತ್ತು ದಿನವೂ ಆಗಿರಲಿಕ್ಕಿಲ್ಲ.

"ನೀನಲ್ವಾ?" ಎಂದಳು ಪಿಸುದನಿಯಲ್ಲಿ.

ಅಣ್ಣ ಪಕ್ಕದಲ್ಲಿ ಮಲಗಿ ನೋಡುತ್ತಿದ್ದ. "ನಾನಾಗಿದ್ರೆ ಹೀಗೆ ಕೆತ್ತುತ್ತಿದ್ನಾ? ಸರಿಯಾಗಿ ನೋಡು."

ನೋಡಿದಳು. ಅಪ್ಪನ ಗುಬ್ಬಿ ಕಾಲಿನಲ್ಲಿ ಎಡಗಡೆಯ ಬೆರಳು ಉದ್ದ. ಇದರಲ್ಲಿ ಬಲಗಡೆಯದು ಉದ್ದ. ತಲೆ ಯಾವ ಕಡೆ ತಿರುಗಿಸಿ ನೋಡಿದರೂ ಅದು ಬಲಗಾಲೇ.

ಕೆತ್ತಿದ ಕೈ ಕಸುಬಿನವರದ್ದಲ್ಲ. ಅಂಚುಗಳು ನುಗ್ಗಾಗಿದ್ದವು. ಅಪ್ಪನ ಕೈಯನ್ನು ನೋಡಿ ಕಲಿತದ್ದಲ್ಲ ಅದು. ಬೇರೆ ಯಾವುದನ್ನೋ ಎದುರಿಗಿಟ್ಟುಕೊಂಡು ಗೆರೆ ಗೆರೆ ನಕಲು ಮಾಡಿದ್ದು.

ಬಲಗಾಲಿನ ಗುಬ್ಬಿ ಇದ್ದದ್ದು ಒಂದೇ ಕಡೆ. ಅಪ್ಪ ಒಮ್ಮೆ ತನ್ನ ಉಳಿ ಪೆಟ್ಟಿಗೆಯ ಮೇಲೆ ಗುರುತು ಸುಡಲೆಂದು ಕಮ್ಮಾರನಿಂದ ಕಬ್ಬಿಣದ ಮುದ್ರೆ ಮಾಡಿಸಿದ್ದ. ಕಮ್ಮಾರ ಕಂಡದ್ದನ್ನು ಕಂಡ ಹಾಗೇ ಮಾಡಿಕೊಟ್ಟಿದ್ದ. ಕಾಯಿಸಿ ಒತ್ತಿದಾಗ ಪೆಟ್ಟಿಗೆಯ ಮುಚ್ಚಳದ ಮೇಲೆ ಎಡ ಬಲವಾಗಿ, ಬಲ ಎಡವಾಗಿ ಮೂಡಿತು. ಅಪ್ಪ ಮುದ್ರೆಯನ್ನು ಬಾವಿಗೆಸೆದು ಹೊಟ್ಟೆ ಹಿಡಿದು ನಕ್ಕಿದ್ದ. 'ಇರಲಿ ಬಿಡು, ಗುಬ್ಬಿಗೆ ಎರಡು ಕಾಲು ಬೇಕಲ್ವಾ' ಎಂದಿದ್ದ.

ಅಪ್ಪ ಹೋದ ಮೇಲೆ ಸುತ್ತಿಗೆಗಳನ್ನೆಲ್ಲ ಅಣ್ಣ ಇಟ್ಟುಕೊಂಡ. ಪೆಟ್ಟಿಗೆಯನ್ನು ನೆನಪಿಗಿರಲಿ ಎಂದು ಅವಳು ಕೇಳಿ ತಂದಿದ್ದಳು.

ಕೆಳಗೆ ಎಲ್ಲೋ ಒಂದು ಬಸ್ಸು ಹಾರ್ನ್ ಹೊಡೆಯಿತು. ಅಣ್ಣ ಅವಳ ಕಡೆ ನೋಡದೆ, ಕಲ್ಲಿನ ಕಡೆಗೇ ನೋಡುತ್ತ ಕೇಳಿದ.

"ಪೆಟ್ಟಿಗೆ ನಿನ್ನ ಮನೇಲೇ ಇದೆಯಲ್ವಾ ಪುಟ್ಟಿ?"

* * *

ಸಂಜೆ ಐದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಇರುವವರೇ ಇಬ್ಬರು, ಅವಳು ಮತ್ತು ಮೇಷ್ಟ್ರು. ಬೂಟು ಬಿಚ್ಚದೇ ಮಲಗುವ ಕೋಣೆಗೆ ಹೋಗಿ, ಕುರ್ಚಿ ಎಳೆದು, ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದಳು.

ಬೀರುವಿನ ಮೇಲೆಲ್ಲ ಒಂದು ಬೆರಳು ಧೂಳಿತ್ತು. ಪೆಟ್ಟಿಗೆಯ ಮೇಲೆ ಇರಲಿಲ್ಲ.

ಮುಚ್ಚಳದ ಮೇಲೆ ಸುಟ್ಟ ಗುಬ್ಬಿ ಕಾಲು. ಬಲಗಡೆಯ ಬೆರಳು ಉದ್ದ. ತೆರೆದಳು. ಮೂರು ಉಳಿಗಳು ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿದ್ದವು. ಎರಡಕ್ಕೆ ತುಕ್ಕು ಹಿಡಿದಿತ್ತು. ಮೂರನೆಯದರ ಬಾಯಿ ಹೊಳೆಯುತ್ತಿತ್ತು, ಅದರ ಮೈಗೆ ಬಿಳಿಪುಡಿ ಮೆತ್ತಿಕೊಂಡಿತ್ತು.

ಬಟ್ಟೆಯ ಅಡಿಯಲ್ಲಿ ನಾಲ್ಕು ಮಡಿಕೆಯ ತೆಳು ಕಾಗದ. ಬಿಡಿಸಿದಳು. ಇದ್ದಿಲ ಕಪ್ಪಿನ ನಡುವೆ ಬಿಳಿಯ ಗುಬ್ಬಿ ಕಾಲು, ಪಕ್ಕದಲ್ಲಿ ಬಾಣ. ಮೂಲೆಯಲ್ಲಿ ನಕ್ಷೆಗಾರನ ಮುತ್ತಿನಂಥ ಅಕ್ಷರ.

'ಹನ್ನೆರಡು. ಸೋಮವಾರ. ಬೆಳಿಗ್ಗೆ ಏಳು ನಲವತ್ತು.'

ಎಂಟಕ್ಕೆ ಅವನ ಹೆಣ ಸಿಕ್ಕಿತ್ತು. ಆ ಇಪ್ಪತ್ತು ನಿಮಿಷದಲ್ಲಿ ಈ ಹಾಳೆ ಅವನ ಕೈಯಿಂದ ಇನ್ನೊಂದು ಕೈಗೆ ಬಂದಿತ್ತು. ಸೋಮವಾರ ಸಂಜೆ ಕಚೇರಿಯವರೆಲ್ಲರ ಹೇಳಿಕೆ ಬರೆದುಕೊಳ್ಳುವಾಗ ಮೇಷ್ಟ್ರ ಸರದಿಯೂ ಬಂದಿತ್ತು. ನಕ್ಷೆಗಾರನನ್ನು ಶನಿವಾರ ಸಂಜೆ ನೋಡಿದ್ದೇ ಕೊನೆ, ಸೋಮವಾರ ಬೆಳಿಗ್ಗೆ ಕೆರೆ ಕಡೆ ವಾಕಿಂಗ್ ಹೋಗಿದ್ದೆ ಎಂದಿದ್ದ. ಅವಳೇ ಬರೆದುಕೊಂಡು, ನಗುತ್ತ, ಇಲ್ಲಿ ರುಜು ಹಾಕಿ ಸಾಹೇಬ್ರೆ ಎಂದಿದ್ದಳು.

ಮೂರು ದಿನ ಊರೆಲ್ಲ ಸುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಎಷ್ಟು ಜನ ಅಪರಾಧಿಗಳ ಹೆಂಡತಿಯರ ಬಗ್ಗೆ ಅವಳೇ ಹೇಳಿಲ್ಲ.

ಮುಂಬಾಗಿಲು ತೆರೆದ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು, ಚೀಲ ಮೊಳೆಗೆ ನೇತುಹಾಕಿದ ಸದ್ದು. ಹದಿಮೂರು ವರ್ಷದಿಂದ ಕೇಳಿದ ಸದ್ದುಗಳು.

"ಇಷ್ಟು ಬೇಗ ಬಂದುಬಿಟ್ಯಾ? ಕಾಫಿಗೆ ಇಡ್ಲಾ?" ಎನ್ನುತ್ತ ಮೇಷ್ಟ್ರು ಕೋಣೆಯ ಬಾಗಿಲಿಗೆ ಬಂದು ನಿಂತ.

ಅವಳು ಹಾಳೆಯನ್ನು ಎತ್ತಿ ಹಿಡಿದಳು.

"ಇದು ಇಲ್ಲಿಗೆ ಹೇಗೆ ಬಂತು, ರೀ?"

ಅವನು ಬೆಚ್ಚಿಬೀಳಲಿಲ್ಲ. ಒಂದು ತಿಂಗಳಿನಿಂದ ನಿದ್ದೆಗೆಟ್ಟ ಕಣ್ಣುಗಳನ್ನು ಉಜ್ಜಿಕೊಂಡು, ಮಂಚದ ಅಂಚಿನ ಮೇಲೆ ಮೆಲ್ಲಗೆ ಕೂತ.

"ಗುರುತು ಕೆತ್ತಿದ್ದು ನಾನೇ," ಎಂದ. "ಮಾವನವರು ಕಟ್ಟಿದ ಕಮಾನನ್ನ ನಾನೂರು ವರ್ಷದ್ದು ಅಂತ ಬರೆದವನು ನಾನು. ಅವರ ಹೆಸರು ಒಂದಾದ್ರೂ ಅಲ್ಲಿರಲಿ ಅನ್ನಿಸ್ತು. ನಾಳೆ ತಜ್ಞರ ಕಣ್ಣಿಗೆ ಬಿದ್ರೆ ಬೀಳಲಿ ಅಂತಾನೂ ಅನ್ನಿಸ್ತು."

"ನಕ್ಷೆಗಾರ?"

"ಅವನು ಕಂಡುಹಿಡಿದು, ನನ್ನನ್ನ ಅಲ್ಲಿಗೆ ಕರೆಸಿದ. ಸಮಿತಿಗೆ ಎಲ್ಲಾ ಹೇಳ್ತೀನಿ ಅಂದ. ಹೇಳು ಅಂದೆ. ನಿಜವಾಗ್ಲೂ ಹೇಳು ಅಂತಲೇ ಅಂದೆ."

"ಮತ್ತೆ ಅವನನ್ನ ನೂಕಿದ್ದು ಯಾಕೆ?"

ಮೇಷ್ಟ್ರು ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಆ ನೋಟದಲ್ಲಿ ಕನಿಕರವಿತ್ತು. ಅವಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಾನು ಅವನ ಕೈ ಹಿಡ್ಕೊಂಡಿದ್ದೆ ಕಣೇ. ಹಲಗೆ ಮೇಲೆ ನಾವಿಬ್ಬರೇ ಇರಲಿಲ್ಲ."

ಸುಳ್ಳು ಎನ್ನಲು ಅವಳು ಬಾಯಿ ತೆರೆದಳು. ಆಗಲೇ ಆ ಹಲಗೆ ನೆನಪಾಯಿತು. ಮೊಳೆ ಕಿತ್ತದ್ದು ಸೋಮವಾರ. ಅದು ಗೊತ್ತಿದ್ದದ್ದು ಇಬ್ಬರು ಪೊಲೀಸರಿಗೆ ಮಾತ್ರ. ಶನಿವಾರ ಇಳಿದವನು ಮತ್ತೆ ಹತ್ತಿಲ್ಲ ಎಂದಿದ್ದ ಅಣ್ಣ, ಈ ಮಧ್ಯಾಹ್ನ ತಿರುಗಿ ನಿಂತು, ಆ ಬೆಚ್ಚಗಿನ ಕೈ ಚಾಚಿ, ಮೂರನೇ ಹಲಗೇಲಿ ಕಾಲಿಡಬೇಡ ಎಂದಿದ್ದ.